ದರ ಏರಿದ್ದು ಫೆಬ್ರವರಿಯಲ್ಲಿ, ಹಣ ಬಂದದ್ದು ಆಗಸ್ಟಿನಲ್ಲಿ

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಓಘದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಎರಡು ಪ್ರಶ್ನೆಗಳನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಮಾತಿಗೆ ‘ದೇಶ ಕಟ್ಟುವ ಅರ್ಥನೀತಿ’ ಎಂದು ಹೆಸರಿಟ್ಟಿದ್ದಾರೆ. ಹೆಸರಿಟ್ಟ ಮಾಷ್ಟ್ರು ಮೊದಲ ಸಾಲಿನಲ್ಲೇ ಕೂತಿದ್ದಾರೆ, ಆದ್ದರಿಂದ ತಕರಾರು ಎತ್ತುವುದಿಲ್ಲ. ಆದರೆ ನಾನು ಯಾವ ದೇಶವನ್ನೂ ಕಟ್ಟಿದವನಲ್ಲ. ಸಾಲದಲ್ಲಿ ಮುಳುಗಿದ ಒಂದು ದೇಶ ಎದ್ದು ನಿಲ್ಲಲು ಹೊರಟಾಗ, ಅದಕ್ಕೆ ನೆರವಾಗುತ್ತಿದ್ದ ಸಂಸ್ಥೆಯೊಂದರಲ್ಲಿ ಆರ್ಥಿಕ ನೀತಿ ಅಧಿಕಾರಿಯಾಗಿದ್ದೆ. ದೇಶ ಶ್ರೀಲಂಕಾ. ಅಧಿಕಾರಿ ಎಂದ ಕೂಡಲೇ ನೀತಿ ಮಾಡುವವನು ಎಂದುಕೊಳ್ಳಬೇಡಿ. ನೀತಿ ಮಾಡುವವರು ಮಂತ್ರಿಗಳು, ಪಾರ್ಲಿಮೆಂಟಿನವರು. ನಾವು ಗುಮಾಸ್ತರಿಗಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೆ.

ನಮ್ಮ ಮೇಜಿನ ಮೇಲಿರುವುದು ಒಂದು ಕೋಷ್ಟಕ. ಎಡಗಡೆ ಆಗಬೇಕಾದ ಕೆಲಸ, ನಡುವೆ ಅದರ ಹೊಣೆ ಯಾವ ಇಲಾಖೆಯದು, ಬಲಗಡೆ ಯಾವ ತಾರೀಕಿನ ಒಳಗೆ. ‘ವಿದ್ಯುತ್ ದರ ಉತ್ಪಾದನಾ ವೆಚ್ಚಕ್ಕೆ ಸರಿಹೊಂದಬೇಕು’, ‘ಕೇಂದ್ರ ಬ್ಯಾಂಕಿಗೆ ಹೊಸ ಕಾನೂನು ಆಗಬೇಕು’, ‘ತೆರಿಗೆ ವಿನಾಯಿತಿಗಳ ಪಟ್ಟಿಯನ್ನು ಪ್ರಕಟಿಸಬೇಕು’ — ಹೀಗೆ ಪುಟಗಟ್ಟಲೆ. ಬೆಳಿಗ್ಗೆ ಕಚೇರಿಗೆ ಬಂದು ಮಾಡುವ ಮೊದಲ ಕೆಲಸವೆಂದರೆ ಯಾವ ತಾರೀಕು ಹತ್ತಿರ ಬಂತು, ಯಾವುದು ದಾಟಿಹೋಯಿತು ಎಂದು ನೋಡುವುದು. ಆಮೇಲೆ ಫೋನು. ಹಣಕಾಸು ಸಚಿವಾಲಯ ಹೇಳುವ ವರಮಾನಕ್ಕೂ ತೆರಿಗೆ ಇಲಾಖೆ ಹೇಳುವ ವರಮಾನಕ್ಕೂ ತಾಳೆ ಇರುವುದಿಲ್ಲ. ಒಬ್ಬರು ಖಜಾನೆಗೆ ಬಂದು ಬಿದ್ದ ಹಣವನ್ನು ಲೆಕ್ಕ ಹಿಡಿದಿರುತ್ತಾರೆ, ಇನ್ನೊಬ್ಬರು ಬರಬೇಕಾದ ಹಣವನ್ನು. ಎರಡರ ನಡುವಿನ ವ್ಯತ್ಯಾಸ ಎಲ್ಲಿ ಹೋಯಿತೆಂದು ಹುಡುಕುವುದರಲ್ಲಿ ಮಧ್ಯಾಹ್ನವಾಗುತ್ತದೆ. ಸಂಜೆ ಮೇಲಧಿಕಾರಿ ಒಬ್ಬ ಕಾರ್ಯದರ್ಶಿಯನ್ನು ಕಾಣಲು ಹೋಗುವುದಿದ್ದರೆ ಅವರ ಕೈಗೆ ಎರಡು ಪುಟದ ಟಿಪ್ಪಣಿ ಕೊಡಬೇಕು. ಮೂರನೇ ಪುಟವನ್ನು ಯಾರೂ ಓದುವುದಿಲ್ಲ. ಅದು ಮಾತ್ರ ಕೊಲಂಬೊಗೂ ತಿರುವನಂತಪುರಕ್ಕೂ ಒಂದೇ.

ಲಂಕೆಯ ಕಥೆಯನ್ನು ನೀವು ಪತ್ರಿಕೆಗಳಲ್ಲಿ ಓದಿದ್ದೀರಿ, ಬೇಗ ಹೇಳಿ ಮುಗಿಸುತ್ತೇನೆ. 2019ರ ಕೊನೆಗೆ ಹೊಸ ಸರಕಾರ ಬಂದು ಸರಕು-ಸೇವೆಗಳ ಮೇಲಿನ ತೆರಿಗೆ ವ್ಯಾಟನ್ನು ಶೇ. 15ರಿಂದ 8ಕ್ಕೆ ಇಳಿಸಿತು. ವರಮಾನ ಕುಸಿಯಿತು. ಅದರ ಬೆನ್ನಿಗೇ ಕೋವಿಡ್, ಪ್ರವಾಸಿಗಳು ಇಲ್ಲ, ಡಾಲರ್ ಇಲ್ಲ. 2021ರ ಮೇಯಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಲ್ಲಿಸಿ, ನವೆಂಬರಿನಲ್ಲಿ ಆ ಆದೇಶವನ್ನು ಹಿಂದೆ ಪಡೆದರು. ಅಷ್ಟರಲ್ಲಿ ಭತ್ತದ ರೈತನ ಕಥೆ ಮುಗಿದಿತ್ತು. 2022ರ ಏಪ್ರಿಲ್ 12ರಂದು, ವಿದೇಶಿ ಸಾಲ ತೀರಿಸುವುದನ್ನು ನಿಲ್ಲಿಸುತ್ತೇವೆ ಎಂದು ಸರಕಾರವೇ ಪ್ರಕಟಿಸಿತು. ಆ ಸೆಪ್ಟೆಂಬರಿನಲ್ಲಿ ಹಣದುಬ್ಬರ ಶೇ. 70ರ ಹತ್ತಿರ ಇತ್ತು. ಭಾರತ ಆ ವರ್ಷ ಸುಮಾರು 400 ಕೋಟಿ ಡಾಲರಿನ ನೆರವು ಕೊಟ್ಟಿತು. ಪೆಟ್ರೋಲು, ಔಷಧ, ಅಕ್ಕಿ ಆ ಹಣದಲ್ಲಿ ಹೋದವು. 2023ರ ಮಾರ್ಚ್ 20ರಂದು ಅಂತರರಾಷ್ಟ್ರೀಯ ಹಣಕಾಸು ನಿಧಿ, ಅಂದರೆ ಐಎಂಎಫ್, 48 ತಿಂಗಳ ಅವಧಿಗೆ ಸುಮಾರು 300 ಕೋಟಿ ಡಾಲರನ್ನು ಮಂಜೂರು ಮಾಡಿತು. ಒಂದೇ ಗಂಟಿನಲ್ಲಿ ಅಲ್ಲ, ಕಂತಿನಲ್ಲಿ. ಪ್ರತಿ ಕಂತಿಗೂ ಮೊದಲು ಪರಿಶೀಲನೆ, ಪರಿಶೀಲನೆಗೆ ಮೊದಲು ನಾನು ಹೇಳಿದ ಆ ಕೋಷ್ಟಕ.

ಕಾರ್ಯಕ್ರಮದ ಮುಖ್ಯ ಗುರಿ ಕೇಳುವುದಕ್ಕೆ ಸರಳ. ಬಡ್ಡಿಯನ್ನು ಬಿಟ್ಟು ಲೆಕ್ಕ ಹಾಕಿದರೆ ಸರಕಾರದ ವರಮಾನ ಖರ್ಚಿಗಿಂತ ಹೆಚ್ಚಿರಬೇಕು. 2025ರ ಹೊತ್ತಿಗೆ ಆ ಉಳಿತಾಯ ದೇಶದ ಒಟ್ಟು ಉತ್ಪನ್ನದ ಶೇ. 2.3 ಆಗಬೇಕು. 2022ರಲ್ಲಿ ಒಟ್ಟು ಉತ್ಪನ್ನದ ಶೇ. 8ರಷ್ಟು ಮಾತ್ರ ವರಮಾನ ಇದ್ದ ಸರಕಾರಕ್ಕೆ ಇದು ಎಷ್ಟು ಕಷ್ಟವೆಂದು ಊಹಿಸಿ. ವ್ಯಾಟ್ 8ರಿಂದ 12, ಅಲ್ಲಿಂದ 15, ಕಡೆಗೆ 2024ರ ಜನವರಿಯಿಂದ 18 ಆಯಿತು. ನಾಲ್ಕು ವರ್ಷದ ಹಿಂದೆ ಬಿಟ್ಟುಕೊಟ್ಟದ್ದನ್ನು ಬಡ್ಡಿ ಸಮೇತ ವಸೂಲು ಮಾಡಿದ ಹಾಗೆ. ಕೊಟ್ಟವರು ಮಾತ್ರ ಬೇರೆ. ರಿಯಾಯಿತಿಯ ದೊಡ್ಡ ಪಾಲು ದೊಡ್ಡ ವ್ಯಾಪಾರಕ್ಕೆ ಹೋಗಿತ್ತು, ಮರುವಸೂಲಿ ಅಂಗಡಿಯಲ್ಲಿ ಸಾಬೂನು ಕೊಳ್ಳುವವರಿಂದ ನಡೆಯಿತು.

ಇಷ್ಟು ಪೀಠಿಕೆ. ಈಗ ನನಗೆ ನಿಜಕ್ಕೂ ಹೇಳಬೇಕಾದದ್ದಕ್ಕೆ ಬರುತ್ತೇನೆ.

ಅಲ್ಲಿನ ವಿದ್ಯುತ್ ಮಂಡಳಿ ವರ್ಷಗಳಿಂದ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ವಿದ್ಯುತ್ ಮಾರುತ್ತಿತ್ತು. ನಷ್ಟಕ್ಕೆ ಸರಕಾರಿ ಬ್ಯಾಂಕುಗಳ ಸಾಲ, ಆ ಬ್ಯಾಂಕುಗಳಿಗೆ ಸರಕಾರದ ಆಸರೆ, ಸರಕಾರಕ್ಕೆ ನೋಟು ಮುದ್ರಿಸುವ ಕೇಂದ್ರ ಬ್ಯಾಂಕು. ಹಾಗಾಗಿ ದರ ಏರಿಸುವುದು ಅನಿವಾರ್ಯವಾಗಿತ್ತು, ಇದರಲ್ಲಿ ನನಗೆ ಸಂಶಯವಿಲ್ಲ. 2022ರ ಆಗಸ್ಟಿನಲ್ಲಿ ಸರಾಸರಿ ಶೇ. 75 ಏರಿಸಿದರು, 2023ರ ಫೆಬ್ರವರಿಯಲ್ಲಿ ಮತ್ತೆ ಶೇ. 66. ತಿಂಗಳಿಗೆ 30 ಯೂನಿಟ್ ಒಳಗೆ ಬಳಸುವ ಮನೆಗಳ ದರ ಮೊದಲು ತೀರ ಕಡಿಮೆ ಇದ್ದುದರಿಂದ, ಶೇಕಡಾ ಲೆಕ್ಕದಲ್ಲಿ ದೊಡ್ಡ ಪೆಟ್ಟು ಬಿದ್ದದ್ದು ಅವರಿಗೆ. 30 ಯೂನಿಟ್ ಅಂದರೆ ಎರಡು ಬಲ್ಬು, ಒಂದು ಫ್ಯಾನು.

ಬಡವರಿಗೆ ಪರಿಹಾರ ಇರಲಿಲ್ಲವೇ ಎಂದರೆ, ಕಾಗದದಲ್ಲಿ ಇತ್ತು. ‘ಸಮೃದ್ಧಿ’ ಎಂಬ ಹಳೆಯ ಯೋಜನೆಯ ಪಟ್ಟಿಯಲ್ಲಿ ರಾಜಕೀಯದ ಹಸ್ತಕ್ಷೇಪ ಹೆಚ್ಚು ಎಂಬ ದೂರು ಬಹಳ ಹಿಂದಿನದು. ಅದನ್ನು ಬದಿಗಿಟ್ಟು ‘ಅಸ್ವೆಸುಮ’ ಎಂಬ ಹೊಸ ಯೋಜನೆ ತಂದರು. ಮನೆ ಹೇಗಿದೆ, ದುಡಿಯುವವರು ಎಷ್ಟು, ಶಾಲೆಗೆ ಹೋಗುವವರು ಎಷ್ಟು, ವಾಹನ ಇದೆಯೇ ಎಂಬಂಥ 22 ಮಾನದಂಡಗಳು. ಅಂಕದ ಮೇಲೆ ನಾಲ್ಕು ವರ್ಗ: ಆಗ ತಿಂಗಳಿಗೆ 15,000, 8,500, 5,000, 2,500 ಲಂಕಾ ರೂಪಾಯಿ. ಹಣ ನೇರ ಬ್ಯಾಂಕ್ ಖಾತೆಗೆ. ಹಳೆಯ ಯೋಜನೆಗೆ ಹೋಲಿಸಿದರೆ ಎಷ್ಟೋ ಒಳ್ಳೆಯ ಲೆಕ್ಕಾಚಾರ. ಆದರೆ ಯೋಜನೆ ಜಾರಿಗೆ ಬಂದದ್ದು 2023ರ ಜುಲೈಯಿಂದ. ಮೊದಲ ಹಣ ಖಾತೆಗೆ ಬಿದ್ದದ್ದು ಆಗಸ್ಟಿನ ಕೊನೆಗೆ.

ಫೆಬ್ರವರಿ, ಮಾರ್ಚ್, ಏಪ್ರಿಲ್, ಮೇ, ಜೂನ್, ಜುಲೈ. ಈ ತಿಂಗಳುಗಳಲ್ಲಿ ಬಿಲ್ಲು ಹೊಸತು, ನೆರವು ಹಳೆಯದು.

ನಮ್ಮ ಕೋಷ್ಟಕದಲ್ಲಿ ಇದು ಕಾಣುವುದೇ ಇಲ್ಲ. ವಿದ್ಯುತ್ ದರ ಒಂದು ಪುಟದಲ್ಲಿ, ಅದನ್ನು ನೋಡುವವರು ಇಂಧನ ವಿಷಯದ ತಂಡ. ಸಾಮಾಜಿಕ ಭದ್ರತೆ ಬೇರೆ ಪುಟದಲ್ಲಿ, ಬೇರೆ ತಂಡ. ಎರಡರ ಎದುರಿಗೂ ಕೊನೆಗೆ ‘ಪೂರೈಸಲಾಗಿದೆ’ ಎಂದು ಬರೆಯುತ್ತೇವೆ. ಎರಡೂ ನಿಜ. ಯಾವ ಸಾಲಿನಲ್ಲೂ ಸುಳ್ಳಿಲ್ಲದ ವರದಿಯೊಂದರಲ್ಲಿ ಒಂದು ಮನೆಯ ಅರ್ಧ ವರ್ಷ ಹೀಗೆ ಕಾಣದೆ ಹೋಗುತ್ತದೆ. ಈ ಕೆಲಸಕ್ಕೆ ಬರುವ ಹೊಸಬರಿಗೆ ನಾನು ಹೇಳುವುದಿಷ್ಟೇ: ಕೋಷ್ಟಕವನ್ನು ಅಡ್ಡಕ್ಕೆ ಓದಬೇಡಿ, ತಾರೀಕಿನ ಕಲಮನ್ನು ಹಿಡಿದು ಉದ್ದಕ್ಕೆ ಓದಿ. ಭಾರ ಯಾವ ತಿಂಗಳು ಹೆಗಲಿಗೆ ಬೀಳುತ್ತದೆ, ಆಸರೆ ಯಾವ ತಿಂಗಳು ಕೈಗೆ ಸಿಗುತ್ತದೆ? ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತಿನ ಮದ್ದನ್ನು ಮಳೆ ಹಿಡಿಯುವ ಮೊದಲು ಬಿಡಬೇಕೆಂದು ಇಲ್ಲಿರುವ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕಾಯಿ ಉದುರಿದ ಮೇಲೆ ಬಿಟ್ಟರೂ ಮದ್ದಿನ ಖರ್ಚು ಅಷ್ಟೇ ಬರುತ್ತದೆ.

ಇದಕ್ಕೆ ಎದುರು ವಾದ ಇದೆ, ಅದು ಹಗುರವಾದದ್ದೂ ಅಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ಹೇಳುತ್ತಿದ್ದರು: ಪಟ್ಟಿ ಸರಿಯಾಗುವವರೆಗೆ ಕಾಯುತ್ತೇನೆ ಎಂದರೆ ದರ ಎಂದಿಗೂ ಏರುವುದಿಲ್ಲ, ಅಷ್ಟು ಕಾಲ ಮಂಡಳಿಯ ನಷ್ಟ ನೋಟು ಮುದ್ರಣವಾಗಿ, ಬೆಲೆ ಏರಿಕೆಯಾಗಿ ಅದೇ ಬಡವನ ತಟ್ಟೆಗೆ ಬರುತ್ತದೆ. ಮಾತು ಸರಿ. ಶೇ. 70ರ ಹಣದುಬ್ಬರಕ್ಕಿಂತ ಕ್ರೂರವಾದ ತೆರಿಗೆ ಇನ್ನೊಂದಿಲ್ಲ. ಆದರೆ ಪಟ್ಟಿಯ ಕೆಲಸವನ್ನು ಮೊದಲೇ ಶುರು ಮಾಡಲು ಯಾರೂ ಅಡ್ಡಿ ಮಾಡಿರಲಿಲ್ಲ. ಅದಾಗದಿದ್ದರೆ, ದೋಷವಿರುವ ಹಳೆಯ ಪಟ್ಟಿಯವರಿಗೇ ಹೆಚ್ಚು ಹಣ ಕೊಟ್ಟು ಆಮೇಲೆ ಪಟ್ಟಿಯನ್ನು ಸೋಸಬಹುದಿತ್ತು. 2022ರಲ್ಲಿ ಕೆಲವು ತಿಂಗಳು ಹಾಗೆ ಕೊಟ್ಟೂ ಇದ್ದರು. ಅನರ್ಹನೊಬ್ಬನಿಗೆ ಐದು ಸಾವಿರ ಹೋಗುವುದು ಲೆಕ್ಕಪರಿಶೋಧಕನಿಗೆ ಕಾಣುತ್ತದೆ. ಅರ್ಹಳೊಬ್ಬಳಿಗೆ ಬಾರದಿರುವುದು ಯಾವ ಲೆಕ್ಕದಲ್ಲೂ ಬರುವುದಿಲ್ಲ. ನೀತಿ ಅಧಿಕಾರಿಗಳು ಮೊದಲನೆಯದಕ್ಕೆ ಹೆದರುವಷ್ಟು ಎರಡನೆಯದಕ್ಕೆ ಹೆದರುವುದಿಲ್ಲ. ಇದು ನನ್ನ ವೃತ್ತಿಯ ಮೇಲೆ ನನಗಿರುವ ದೊಡ್ಡ ದೂರು.

ಅಸ್ವೆಸುಮದ ಪಟ್ಟಿ ಹೊರಬಂದಾಗ ಊರೂರಲ್ಲಿ ಪ್ರತಿಭಟನೆ ಆಯಿತು, ಲಕ್ಷಗಟ್ಟಲೆ ಮೇಲ್ಮನವಿಗಳು ಬಂದವು. ಕೊಲಂಬೊದ ನನ್ನ ಸಹೋದ್ಯೋಗಿಗಳಿಗೆ ಆಶ್ಚರ್ಯ. ನನಗೆ ಆಗಲಿಲ್ಲ. ನಾನು ಪಿಂಕ್ ಕಾರ್ಡಿನ ಊರಿನವನು! (ನಗು.) ಇಲ್ಲಿ ರೇಶನ್ ಕಾರ್ಡಿಗೆ ಹೊಸ ಬಣ್ಣ ಬಂದು, ಆದ್ಯತಾ ಪಟ್ಟಿಯವರದ್ದು ಪಿಂಕ್ ಆದ ಕಾಲವನ್ನು ನೆನೆಸಿಕೊಳ್ಳಿ. ಸಾವಿರ ಚದರಡಿಗಿಂತ ದೊಡ್ಡ ಮನೆ, ಒಂದು ಎಕ್ರೆಗಿಂತ ಹೆಚ್ಚು ಜಾಗ, ನಾಲ್ಕು ಚಕ್ರದ ವಾಹನ, ತಿಂಗಳಿಗೆ 25,000 ದಾಟಿದ ಆದಾಯ ಇದ್ದರೆ ಆದ್ಯತಾ ಪಟ್ಟಿಯಿಂದ ಹೊರಗೆ. ತಿರುವನಂತಪುರದಿಂದ ನೋಡಿದರೆ ನ್ಯಾಯವೇ. ಆದರೆ ನೀರಿರುವ ಅಡಿಕೆ ತೋಟವೂ ಎಕ್ರೆ ಲೆಕ್ಕವೇ, ಹುಲ್ಲೂ ಹುಟ್ಟದ ಮುರಕಲ್ಲಿನ ಗುಡ್ಡೆಯೂ ಎಕ್ರೆ ಲೆಕ್ಕವೇ. ಮಾನದಂಡಕ್ಕೆ ಎಕ್ರೆ ಕಾಣುತ್ತದೆ, ಕಲ್ಲು ಕಾಣುವುದಿಲ್ಲ. ಲಂಕೆಯ 22 ಮಾನದಂಡಗಳಲ್ಲೂ ಇಂಥ ಕಲ್ಲುಗಳು ಇರುತ್ತವೆಂದು ನಾನು ಮೊದಲೇ ಎಣಿಸಿದ್ದೆ. ಪಟ್ಟಿ ಎಂದರೆ ಏನೆಂದು ಕಾಸರಗೋಡಿನವರಿಗೆ ಇದಕ್ಕಿಂತ ಕಠಿಣವಾಗಿಯೂ ಗೊತ್ತು. ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿಗೆ ಮೂರು ತಿಂಗಳಲ್ಲಿ ತಲಾ ಐದು ಲಕ್ಷ ರೂಪಾಯಿ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಜನವರಿಯಲ್ಲಿ. ಕೊಡಲಿಲ್ಲವೆಂದು ಅದೇ ಕೋರ್ಟು ರಾಜ್ಯವನ್ನು ತರಾಟೆಗೆ ತೆಗೆದುಕೊಂಡದ್ದು 2022ರ ಮೇಯಲ್ಲಿ. ಅದರ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ, ಈ ಸಭೆಯಲ್ಲಿ ಆ ಮನೆಗಳವರು ಇದ್ದಾರೆ.

ಇನ್ನೊಂದು ಅಭ್ಯಾಸವನ್ನೂ ನಾನು ಇಲ್ಲಿಂದ ಹೊತ್ತುಕೊಂಡು ಹೋಗಿದ್ದೆ. ಲಂಕೆಯ ಯಾವ ಯೋಜನೆಯ ಅರ್ಜಿ ನಮೂನೆ ಬಂದರೂ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, ತಮಿಳಿನ ಪ್ರತಿ ಎಲ್ಲಿದೆ, ಅದನ್ನು ಓದಿ ತುಂಬಿಸಿಕೊಡುವವರು ಆ ಕೌಂಟರಿನಲ್ಲಿ ಕೂತಿರುತ್ತಾರೆಯೇ ಎಂಬುದು. ಸಿಂಹಳ, ತಮಿಳು ಎರಡೂ ಅಲ್ಲಿ ಆಡಳಿತ ಭಾಷೆಗಳು, ಕಾನೂನಿನಲ್ಲಿ ಕೊರತೆಯಿಲ್ಲ. ಕಾನೂನಿನ ಪ್ರಕಾರ ಕೇರಳದ ಕನ್ನಡಿಗರಾದ ನಮಗೂ ಕನ್ನಡದ ನಮೂನೆ ಸಿಗಬೇಕು. ಸರಕಾರಿ ಅರ್ಜಿಗಳನ್ನು ಹಾಕುವ ಅಕ್ಷಯ ಕೇಂದ್ರದ ಬೆಂಚಿನ ಮೇಲೆ ಮಲಯಾಳದ ಅರ್ಜಿಯನ್ನು ಕೈಯಲ್ಲಿ ಹಿಡಿದು, ಓದಿಹೇಳುವವರಿಗಾಗಿ ಕಾಯುವ ಅಜ್ಜಂದಿರನ್ನು ನೋಡಿದವನಿಗೆ ಈ ಪ್ರಶ್ನೆ ತಾನಾಗಿಯೇ ಬರುತ್ತದೆ. ದೆಹಲಿಯಿಂದಲೋ ವಾಷಿಂಗ್ಟನ್ನಿನಿಂದಲೋ ಬಂದ ಬುದ್ಧಿವಂತರಿಗೆ ಅದು ಹೊಳೆಯದಿದ್ದರೆ ಅವರ ತಪ್ಪಲ್ಲ. ಅವರು ಎಂದೂ ಆ ಬೆಂಚಿನಲ್ಲಿ ಕೂತವರಲ್ಲ.

ಇಲ್ಲಿಯ ಇನ್ನೊಂದು ಉದಾಹರಣೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಲಂಕೆಯಲ್ಲಿ ಇದ್ದಾಗಲೆಲ್ಲ ನಾನು ಹಿಂತಿರುಗಿ ನೋಡುತ್ತಿದ್ದದ್ದು ಇದನ್ನೇ. ಕೇರಳದ ಪೆರ್ಲದಿಂದ ಸಾರಡ್ಕ ದಾಟಿ ಕರ್ನಾಟಕದ ಅಡ್ಯನಡ್ಕಕ್ಕೆ ಹೋದರೆ ಮಣ್ಣು ಬದಲಾಗುವುದಿಲ್ಲ, ಮಾತು ಬದಲಾಗುವುದಿಲ್ಲ. 1956ರ ನವೆಂಬರ್ 1ರವರೆಗೆ ಎರಡೂ ಕಡೆ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಒಕ್ಕಲುತನವೂ ಒಂದೇ ಬಗೆ: ಕಾಯಂ ಆದ ಮೂಲಗೇಣಿ, ಕಾಯಂ ಅಲ್ಲದ ಚಾಲಗೇಣಿ. ಚಾಲಗೇಣಿಯ ಒಕ್ಕಲನ್ನು ಧಣಿ ಮನಸ್ಸು ಬಂದಾಗ ಎಬ್ಬಿಸಬಹುದಿತ್ತು. ಆಮೇಲೆ ಗಡಿ ಬಂತು, ಉಳುವವನಿಗೆ ಭೂಮಿ ಕೊಡುವ ಸುಧಾರಣೆ ಎರಡು ಕಡೆ ಎರಡು ರೀತಿಯಲ್ಲಿ ಬಂತು. ಕೇರಳದಲ್ಲಿ 1970ರ ಜನವರಿ 1ಕ್ಕೆ ಗೇಣಿ ಪದ್ಧತಿ ಮುಗಿಯಿತು. ಆಚೆ ಕರ್ನಾಟಕದಲ್ಲಿ 1974ರ ಮಾರ್ಚ್ 1ಕ್ಕೆ.

ಎರಡೂ ಕಾನೂನುಗಳ ಉದ್ದೇಶ ಒಂದೇ. ವ್ಯತ್ಯಾಸ ಇರುವುದು ಒಂದು ಸಣ್ಣ ವಿಷಯದಲ್ಲಿ. ಕೇರಳದ ಕಾನೂನಿನಲ್ಲಿ, ಒಕ್ಕಲು ಅರ್ಜಿ ಹಾಕದಿದ್ದರೂ ಲ್ಯಾಂಡ್ ಟ್ರಿಬ್ಯೂನಲ್ ತಾನಾಗಿ ಪ್ರಕರಣವನ್ನು ಎತ್ತಿಕೊಂಡು ಅವನ ಹೆಸರಿಗೆ ಜಾಗ ಮಾಡಿಕೊಡಲು ಅವಕಾಶವಿತ್ತು. ಕರ್ನಾಟಕದಲ್ಲಿ ಜಾಗ ಸರಕಾರದ ಪಾಲಾಯಿತು. ಒಕ್ಕಲು ಏಳನೇ ನಮೂನೆಯಲ್ಲಿ ಅರ್ಜಿ ಕೊಟ್ಟರೆ ಮಾತ್ರ ಅವನ ಹಕ್ಕು. ‘ಡಿಕ್ಲರೇಶನ್ ಕೊಟ್ಟಿದ್ದೀಯೋ’ ಎಂದು ಆಚೆಯ ಹಿರಿಯರು ಕೇಳಿಕೊಳ್ಳುತ್ತಿದ್ದದ್ದು ಇದನ್ನೇ. ಗಡುವನ್ನು ಮುಂದೂಡುತ್ತ ಮುಂದೂಡುತ್ತ 1979ರ ಜೂನ್ 30ಕ್ಕೆ ನಿಲ್ಲಿಸಿದರು. ಆ ತಾರೀಕಿನೊಳಗೆ ಕೊಟ್ಟವನು ಭೂಮಾಲಿಕ. ಧಣಿಯ ದಾಕ್ಷಿಣ್ಯಕ್ಕೋ ಹೆದರಿಕೆಗೋ, ಓದಲು ಬಾರದೆಯೋ ಕೊಡದೆ ಉಳಿದವನು ಮೂರು ತಲೆಮಾರು ಉತ್ತ ಗದ್ದೆಯನ್ನು ಬಿಟ್ಟ. ನಮ್ಮ ಕಡೆ ಎಲ್ಲ ಸುಸೂತ್ರವಾಯಿತು ಎನ್ನುತ್ತಿಲ್ಲ. ಟ್ರಿಬ್ಯೂನಲಿನ ಕಡತಗಳು ಎಷ್ಟು ವರ್ಷ ಕೊಳೆತವೆಂದು ನಿಮಗೆ ಗೊತ್ತಿದೆ. ಇಲ್ಲಿಯ ಕನ್ನಡ ಧಣಿಗಳ ಮನೆಗಳಲ್ಲಿ ಆ ಕಾನೂನಿನ ಬಗ್ಗೆ ಬೇರೆಯೇ ಕಥೆ ಇದೆ, ಅದೂ ಸುಳ್ಳಲ್ಲ. ನಾನು ಎತ್ತುತ್ತಿರುವ ಪ್ರಶ್ನೆ ಇಷ್ಟೇ: ಸುಧಾರಣೆ ನಡೆಯಬೇಕಾದರೆ ಮೊದಲು ಹೆಜ್ಜೆ ಇಡಬೇಕಾದವರು ಯಾರು, ಸರಕಾರವೋ, ಎಲ್ಲರಿಗಿಂತ ದುರ್ಬಲನೋ? ಅಸ್ವೆಸುಮದಲ್ಲಿ ಅರ್ಜಿ ಹಾಕಬೇಕಾದದ್ದು ದುರ್ಬಲನೇ. ಕೋಷ್ಟಕದಲ್ಲಿ ಇದಕ್ಕೊಂದು ಕಲಂ ಇಲ್ಲ. ನಾನು ನನ್ನ ಪ್ರತಿಯಲ್ಲಿ ಪೆನ್ಸಿಲಿನಲ್ಲಿ ಒಂದು ಕಲಂ ಎಳೆದುಕೊಂಡಿದ್ದೆ.

ಭಾರ ಹೊರುವವರ ಒಪ್ಪಿಗೆಯನ್ನು ಮೊದಲೇ ಕೊಂಡುಕೊಂಡ ಸುಧಾರಣೆಯೂ ಇದೆ. ಮಂಜೇಶ್ವರದ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟಿನಲ್ಲಿ ನಿಲ್ಲುತ್ತಿದ್ದ ಲಾರಿಗಳ ಸಾಲು ಜಿಎಸ್‌ಟಿ ಬಂದ ಮೇಲೆ ಹೋಯಿತು. 2017ರ ಜುಲೈ 1ಕ್ಕೆ ಅದು ಬರಲು ಸಾಧ್ಯವಾದದ್ದು ರಾಜ್ಯಗಳು ಭಾಷಣ ಕೇಳಿ ಮನಸ್ಸು ಬದಲಿಸಿದ್ದರಿಂದಲ್ಲ. 2015-16ರ ವರಮಾನದ ಮೇಲೆ ವರ್ಷಕ್ಕೆ ಶೇ. 14ರ ಏರಿಕೆ ಸಿಗದಿದ್ದರೆ ಐದು ವರ್ಷ ನಾವು ತುಂಬಿಕೊಡುತ್ತೇವೆ ಎಂದು ಕೇಂದ್ರ ಕಾನೂನಿನಲ್ಲೇ ಬರೆದುಕೊಟ್ಟಿತ್ತು. ಪರಿಹಾರದ ಕಾನೂನೂ ತೆರಿಗೆಯ ಕಾನೂನೂ ಒಂದೇ ದಿನ ಜಾರಿ. ಕೋವಿಡ್ ಕಾಲದಲ್ಲಿ ಆ ಮಾತನ್ನು ಉಳಿಸಿಕೊಳ್ಳಲು ಸಾಲ ಮಾಡಬೇಕಾಯಿತು, ಜಗಳವೂ ಆಯಿತು. ಆದರೂ ತಾರೀಕು ತಾಳೆಯಾಗಿತ್ತು. ರಾಜ್ಯಗಳ ಕೈಯಲ್ಲಿ ಮತವಿತ್ತು, ಅದಕ್ಕೇ ಅವುಗಳಿಗೆ ಇಷ್ಟು ಮರ್ಯಾದೆ ಎನ್ನಬಹುದು. 1991ರ ಭಾರತದ ಆರ್ಥಿಕ ಸುಧಾರಣೆಯಲ್ಲೂ ಅಷ್ಟೆ. ಜುಲೈ 24ರ ಬಜೆಟ್ಟಿನಲ್ಲಿ ಗೊಬ್ಬರದ ಬೆಲೆಯನ್ನು ಶೇ. 40 ಏರಿಸಿದರು. ಆಳುವ ಪಕ್ಷದ ಒಳಗೇ ಗದ್ದಲವೆದ್ದು ಆಗಸ್ಟಿನಲ್ಲಿ ಅದನ್ನು ಶೇ. 30ಕ್ಕೆ ಇಳಿಸಿ, ಸಣ್ಣ ಮತ್ತು ಅತಿಸಣ್ಣ ರೈತರನ್ನು ಏರಿಕೆಯಿಂದ ಹೊರಗಿಟ್ಟರು. ಹೊರಗಿಟ್ಟದ್ದೇನೋ ಸರಿ, ಗೊಬ್ಬರದಂಗಡಿಯವನು ಸಣ್ಣ ರೈತನನ್ನು ಹೇಗೆ ಗುರುತಿಸಬೇಕು? ಮತ್ತೆ ಪಟ್ಟಿಗೇ ಬಂದೆವು ನೋಡಿ.

ಇಷ್ಟಕ್ಕೆ ನಿಲ್ಲಿಸುತ್ತೇನೆ, ಪ್ರಶ್ನೆಗಳು ಬರಲಿ.

*

ಕಾಲೇಜಿನ ಹುಡುಗಿಯೊಬ್ಬಳು ಕೇಳಿದಳು: ಸಾರ್, ಈ ಕೆಲಸಕ್ಕೆ ಹೋಗಬೇಕಾದರೆ ಏನು ಓದಬೇಕು?

ಅರ್ಥಶಾಸ್ತ್ರದ ಎಂ.ಎ., ಒಳ್ಳೆಯ ಸಂಖ್ಯಾಶಾಸ್ತ್ರ, ಇದು ಎಲ್ಲರೂ ಹೇಳುವುದು, ಸರಿಯಾದದ್ದೂ ಹೌದು. ಅದರ ಜೊತೆಗೆ ನಿನ್ನ ಪಂಚಾಯತಿನ ಬಜೆಟ್ ಪುಸ್ತಕವನ್ನು ಕೇಳಿ ತಂದು ಓದಮ್ಮ. 1996ರ ಜನಕೀಯ ಯೋಜನೆಯ ಕಾಲದಿಂದ ಕೇರಳದ ಪಂಚಾಯತುಗಳ ಕೈಗೆ ನಿಜವಾದ ಹಣ ಬರುತ್ತದೆ, ವಾರ್ಡಿನ ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿ ಚರ್ಚೆಗೆ ಬರುತ್ತದೆ. ಹಿಂದಿನ ವರ್ಷ ಇಷ್ಟು ಇಟ್ಟಿದ್ದರು, ಇಷ್ಟು ಖರ್ಚಾಯಿತು, ಅದರಲ್ಲಿ ಮಾರ್ಚ್ ತಿಂಗಳೊಂದರಲ್ಲೇ ಎಷ್ಟು ಎಂದು ಲೆಕ್ಕ ಹಾಕಿ ನೋಡು. ಸಂದರ್ಶನದಲ್ಲಿ ಯಾವ ಪ್ರಶ್ನೆಗೂ ಹೆದರಬೇಕಾಗಿಲ್ಲ.

ಎರಡನೆಯ ಪ್ರಶ್ನೆ ಹಿರಿಯ ಕೃಷಿಕರೊಬ್ಬರದು. ಅದು ಬಂದೇ ಬರುತ್ತದೆಂದು ನನಗೆ ಗೊತ್ತಿತ್ತು. "ಅಲ್ಲ ಮಾರಾಯ್ರೆ, ನೀವು ಲಂಕೆಗೆ ಡಾಲರ್ ಬರಲಿ ಅಂತ ಅಲ್ಲಿ ಕೂತು ಕೆಲಸ ಮಾಡಿದ್ದು. ಅವರು ಡಾಲರ್ ಮಾಡುವುದು ನಮಗೆ ಅಡಿಕೆ ಮಾರಿ ಸಹ ಅಲ್ವಾ? ನಿಮ್ಮ ಮನೆಯಲ್ಲೂ ತೋಟ ಇದೆಯಲ್ಲ!"

ಇದೆ. ಭಾರತ-ಲಂಕಾ ಮುಕ್ತ ವ್ಯಾಪಾರ ಒಪ್ಪಂದ 2000ದ ಮಾರ್ಚಿನಿಂದ ಜಾರಿಯಲ್ಲಿದೆ, ಅಡಿಕೆಯೂ ಅದರಡಿ ಬರುತ್ತದೆ. ಬೇರೆ ದೇಶದ ಅಡಿಕೆ ಲಂಕೆಯ ಹೆಸರಿನಲ್ಲಿ ನುಸುಳುತ್ತದೆ ಎಂಬ ದೂರೂ ಹಳೆಯದು. 2023ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಅದಕ್ಕಿಂತ ಅಗ್ಗದ ಅಡಿಕೆಯನ್ನು ತರುವಂತಿಲ್ಲ. ಲಂಕೆಯಲ್ಲಿ ವಿದ್ಯುತ್ ದರ ಏರಿದ್ದೂ ಅದೇ ತಿಂಗಳು. ಆ ತಿಂಗಳು ಮನೆಯಿಂದ ಬಂದ ಫೋನಿನಲ್ಲಿ ಸಂತೋಷ, ಕಚೇರಿಯಲ್ಲಿ ಉದ್ದ ಮುಖ. ನನ್ನ ಅಭಿಪ್ರಾಯ ಕೇಳಿದರೆ, ಬೆಲೆಯ ಬೇಲಿ ತಾತ್ಕಾಲಿಕವಾಗಿ ಬೇಕು. ಆದರೆ ಕಾಗದದಲ್ಲಿ ಬೆಲೆ ಹೆಚ್ಚು ತೋರಿಸಿ ತರುವವನಿಗೆ, ಈಶಾನ್ಯದ ಗಡಿಯಲ್ಲಿ ಕದ್ದು ತರುವವನಿಗೆ ಬೇಲಿ ತಾಗುವುದಿಲ್ಲ. ಆ ಬೇಲಿಯ ಆದೇಶದಲ್ಲಿ ಇದು ಎಲ್ಲಿಯವರೆಗೆ ಎಂಬ ತಾರೀಕೂ ಇರುವುದಿಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆ ಬೆಲೆ ನೆಲಕಚ್ಚಿದಾಗ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರು ಆಮದು ಸುಂಕಕ್ಕಾಗಿ ಮಾತ್ರ ಕಾದು ಕೂರಲಿಲ್ಲ. 1973ರಲ್ಲಿ ಎರಡು ರಾಜ್ಯಗಳ ಬೆಳೆಗಾರರನ್ನು ಸೇರಿಸಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಕಟ್ಟಿ, ಮಾರುಕಟ್ಟೆಗೇ ಇಳಿದು ಕೊಂಡರು. ಕೊಕ್ಕೊ ಕೇಳುವವರಿಲ್ಲದಾಗ ಅದನ್ನೂ ಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೇ ಹಾಕಿದರು. ಬೇಲಿಗಿಂತ ನನಗೆ ಆ ದಾರಿಯ ಮೇಲೆ ಹೆಚ್ಚು ನಂಬಿಕೆ.

"ನಂಬಿಕೆ ಎಲ್ಲ ಸರಿ, ಡಬ್ಬಲ್ ಚೋಲ್ ಅಡಿಕೆಗೆ ರೇಟ್ ಬಿದ್ದರೆ ನೀವು ಕೊಡ್ತೀರಾ?" ಎಂದರು. ಸಭೆ ನಕ್ಕಿತು. ಸಭೆಯ ನಂತರ ಚಹಾ ಕುಡಿಯುವಾಗಲೂ ಅವರು ನನ್ನ ಮಾತನ್ನು ಒಪ್ಪಲಿಲ್ಲ. ಮಾತನ್ನು ಬರಹಕ್ಕಿಳಿಸಿ ಒಂದು ಪ್ರತಿ ಕಳುಹಿಸಿ, ಉತ್ತರ ಬರೆಯುತ್ತೇನೆ ಎಂದಿದ್ದಾರೆ. ಕಳುಹಿಸುತ್ತಿದ್ದೇನೆ.